ದೀಪಾವಳಿಗೊಂದು ಕತೆ, ಮಳೆಗೊಂದು ಕಾದಂಬರಿ



ಕಳೆದ ವರ್ಷ ನಮ್ಮ ಸಂಘದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಿಂತಿದ್ದೆ. ನನ್ನ ಕೈಚೀಲದಿಂದ ಒಂದು ಹಳೆಯ ಪುಸ್ತಕ ಇಣುಕುತ್ತಿತ್ತು. ಹಿಂದೆ ನಿಂತಿದ್ದ ಹುಡುಗನೊಬ್ಬ, ನಿಮ್ಮಲ್ಲೇ ಒಬ್ಬ, ಬಹಳ ವಿನಯದಿಂದಲೇ ಕೇಳಿದ: “ಆಂಟಿ, ಹೊಸ ಪುಸ್ತಕ ಓದೋಕೇ ಟೈಮಿಲ್ಲ. ನೀವು ಇಷ್ಟು ಹಳೇದನ್ನ ಯಾಕೆ ಓದ್ತೀರಾ?” ಅಷ್ಟರಲ್ಲಿ ಬಿಸಿಬೇಳೆ ಬಾತಿನ ಪಾತ್ರೆ ನಮ್ಮ ಎದುರಿಗೆ ಬಂತು. ಪ್ರಶ್ನೆ ಅಲ್ಲಿಗೇ ನಿಂತಿತು. ಮನೆಗೆ ಬಂದ ಮೇಲೂ ಅದು ನನ್ನನ್ನು ಬಿಡಲಿಲ್ಲ. ಈ ತಿಂಗಳ ಅಂಕಣವನ್ನು ಆ ಹುಡುಗನಿಗೆ ಉತ್ತರವೆಂದೇ ತಿಳಿಯಿರಿ.

ನಾನೇನೂ ಪಂಡಿತಳಲ್ಲ. ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿ, ಮದುವೆಯಾಗಿ, 1992ರಲ್ಲಿ ಮುಂಬಯಿಗೆ ಬಂದ ಗೃಹಿಣಿ. ಆದರೆ ಓದುವ ಚಟ ಮಾತ್ರ ಚಿಕ್ಕಂದಿನಿಂದ ಇದೆ. ಕುಕ್ಕರು ಮೂರು ಸೀಟಿ ಹಾಕುವಷ್ಟರಲ್ಲಿ ಎಷ್ಟು ಪುಟ ಓದಬಹುದು ಎಂಬ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಜೊತೆಗೆ ಇನ್ನೊಂದು ಅಭ್ಯಾಸವೂ ಬೆಳೆದುಬಂದಿದೆ. ಆಯಾ ಕಾಲದ ಹಣ್ಣು ತರಕಾರಿ ತಿನ್ನುವ ಹಾಗೆ, ಆಯಾ ಕಾಲಕ್ಕೆ ಹೊಂದುವ ಕತೆಯನ್ನು ಓದುವುದು. ಅವರೆಕಾಯಿಯನ್ನು ಮೇ ತಿಂಗಳಲ್ಲಿ ಯಾರಾದರೂ ಹುಡುಕುತ್ತಾರೆಯೆ? ಹಾಗೆಯೇ ಕೆಲವು ಪುಸ್ತಕಗಳು.

ಮಳೆಗಾಲ ಬಂದರೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರಲ್ಲಿ ಅಚ್ಚಾದ ಈ ಕಾದಂಬರಿ ತೀರ್ಥಹಳ್ಳಿಯ ಸುತ್ತಲಿನ ಕಾಡುಗಳಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ನಡೆಯುತ್ತದೆ. ಕಿಟಕಿಯ ಹೊರಗೆ ಜುಲೈ ಮಳೆ, ಒಳಗೆ ಪುಸ್ತಕದ ಮಳೆ. ಇಡೀ ಪುಸ್ತಕವನ್ನು ಒಂದೇ ಉಸಿರಿಗೆ ಮುಗಿಸಬೇಕೆಂದಿಲ್ಲ; ನಾನಂತೂ ಪ್ರತಿ ವರ್ಷ ಎಲ್ಲೋ ಒಂದು ಕಡೆ ತೆರೆದು, ಗುತ್ತಿ ಮತ್ತು ಅವನ ನಾಯಿ ಹುಲಿಯನ ಜೊತೆ ಸ್ವಲ್ಪ ದೂರ ನಡೆದು ಬರುತ್ತೇನೆ. ತೀರ್ಥಹಳ್ಳಿ ಕಡೆಯವರಾದ ನನ್ನ ಅತ್ತೆ ಇದನ್ನು ನೋಡಿ ನಗುತ್ತಿದ್ದರು. “ನಿಂಗೆ ಓದೋಕೆ ಚಂದ ಮಾರಾಯ್ತಿ, ಕಾಲಿಗೆ ಇಂಬಳ ಹತ್ತಿದಾಗ ಗೊತ್ತಾಗ್ತದೆ” ಎನ್ನುತ್ತಿದ್ದರು. ಇಂಬಳ ಎಂದರೆ ಜಿಗಣೆ. ಮಾಟುಂಗದ ಎರಡನೇ ಮಹಡಿಯಲ್ಲಿ ಕುಳಿತು ನಾನು ಆ ಮಾತು ಕಲಿತೆ.

ಅಕ್ಟೋಬರ್ ನವೆಂಬರ್ ಬಂತೆಂದರೆ ವಿಶೇಷಾಂಕಗಳು. ‘ಪ್ರಜಾವಾಣಿ’ಯ ದೀಪಾವಳಿ ವಿಶೇಷಾಂಕ, ‘ಸುಧಾ’ದ ಯುಗಾದಿ ವಿಶೇಷಾಂಕ ಎಂಬ ಹೆಸರು ಕೇಳಿದರೇ ನನ್ನ ವಯಸ್ಸಿನವರಿಗೆ ಹೊಸ ಬಟ್ಟೆಯಷ್ಟೇ ಸಂಭ್ರಮ. ಕಥಾಸ್ಪರ್ಧೆಯಲ್ಲಿ ಗೆದ್ದ ಕತೆಗಳು ಅದರಲ್ಲಿ ಬರುತ್ತಿದ್ದವು. ಬಹುಮಾನ ಪಡೆದ ಕತೆ ನಿಜಕ್ಕೂ ಬಹುಮಾನಕ್ಕೆ ಯೋಗ್ಯವೆ ಎಂದು ಮನೆಮಂದಿಯೆಲ್ಲ ತೀರ್ಪು ಕೊಡುತ್ತಿದ್ದೆವು. ಕತೆಯ ಪುಟದ ಮೇಲೆ ಚಕ್ಕುಲಿಯ ಎಣ್ಣೆ ಬೆರಳು ಮೂಡಿದ್ದರೆ ಅದನ್ನು ಮೊದಲು ಓದಿದವರು ಯಾರೆಂದು ಪತ್ತೆಯಾಗುತ್ತಿತ್ತು.

ಹಬ್ಬಕ್ಕೊಂದು ಕತೆ ಎಂಬುದು ನಮ್ಮದೊಂದೇ ಹುಚ್ಚಲ್ಲ. ನೀವು ಮುಂಬಯಿ ಪುಣೆಗಳಲ್ಲಿ ಬೆಳೆದವರು. ಮರಾಠಿ ಗೆಳೆಯರ ಮನೆಯಲ್ಲಿ ‘ದಿವಾಳಿ ಅಂಕ’ಗಳನ್ನು ನೋಡಿಯೇ ಇರುತ್ತೀರಿ. 1909ರಲ್ಲಿ ಕಾಶಿನಾಥ ರಘುನಾಥ ಮಿತ್ರ ಅವರು ತಮ್ಮ ‘ಮನೋರಂಜನ’ ಪತ್ರಿಕೆಗೆ ಮೊದಲ ದಿವಾಳಿ ಅಂಕ ತಂದರು. ನೂರು ವರ್ಷ ದಾಟಿದರೂ ಮರಾಠಿ ಮನೆಗಳಲ್ಲಿ ಫರಾಳದ ತಟ್ಟೆಯ ಪಕ್ಕದಲ್ಲಿ ಅದಕ್ಕೆ ಜಾಗವಿದೆ. ಬಂಗಾಳಿಗಳಿಗೆ ದುರ್ಗಾಪೂಜೆಯ ಸಂಚಿಕೆಗಳು. ಸತ್ಯಜಿತ್ ರಾಯ್ ಅವರ ಪತ್ತೇದಾರ ಫೆಲುದಾನ ‘ಸೋನಾರ್ ಕೆಲ್ಲಾ’ ಮೊದಲು ಬಂದದ್ದು 1971ರ ‘ದೇಶ್’ ಪತ್ರಿಕೆಯ ಪೂಜಾ ಸಂಚಿಕೆಯಲ್ಲಿ. ಸಿನಿಮಾ ಆದದ್ದು ಆಮೇಲೆ.

ಇನ್ನು ಇಂಗ್ಲಿಷಿನವರ ಸಂಗತಿ. ಬಿ.ಎ. ತರಗತಿಯಲ್ಲಿ ಡಿಕನ್ಸ್ ಎಂದರೆ ನನಗೆ ಪರೀಕ್ಷೆಯ ಪ್ರಶ್ನೆ, ಅಷ್ಟೆ. ಮದುವೆಯಾದ ಮೇಲೆ, ಅಂಕಗಳ ಭಯ ಇಲ್ಲದ ಒಂದು ಡಿಸೆಂಬರಿನಲ್ಲಿ ‘ಎ ಕ್ರಿಸ್‌ಮಸ್ ಕ್ಯಾರಲ್’ ಅನ್ನು ಮತ್ತೆ ಓದಿದೆ. ಅದು ಅಚ್ಚಾದದ್ದು 1843ರ ಡಿಸೆಂಬರ್ 19ರಂದು. ಮೊದಲ ಮುದ್ರಣದ 6,000 ಪ್ರತಿಗಳು ಕ್ರಿಸ್‌ಮಸ್ ಹಿಂದಿನ ದಿನಕ್ಕೆಲ್ಲ ಖರ್ಚಾದವು. ಆದರೆ ಡಿಕನ್ಸ್ ಮುದ್ರಣದ ವೆಚ್ಚವನ್ನು ತಾನೇ ವಹಿಸಿಕೊಂಡಿದ್ದ. ಬಣ್ಣದ ಚಿತ್ರ, ಚಿನ್ನದ ಅಂಚು ಎಂದು ಪುಸ್ತಕವನ್ನು ಮದುವಣಗಿತ್ತಿಯಂತೆ ಸಿಂಗರಿಸಿ, ಬೆಲೆಯನ್ನು ಮಾತ್ರ ಐದು ಶಿಲಿಂಗಿಗೆ ನಿಲ್ಲಿಸಿದ. ಸಾವಿರ ಪೌಂಡ್ ಲಾಭ ಬರುತ್ತದೆಂದು ಕಾದವನಿಗೆ ಮೊದಲು ಕೈಗೆ ಬಂದದ್ದು 230. ಹೆಣ್ಣಿನ ಮದುವೆ ಮಾಡಿದ ನಮ್ಮ ಕಡೆಯ ತಂದೆಯರ ಲೆಕ್ಕ ನೆನಪಾಗುವುದಿಲ್ಲವೆ? ಮುಂದೆ ಆತ ತನ್ನ ವಾರಪತ್ರಿಕೆಗಳಿಗೆ ಪ್ರತಿ ವರ್ಷ ಕ್ರಿಸ್‌ಮಸ್ ವಿಶೇಷ ಸಂಚಿಕೆ ತರುತ್ತಿದ್ದ. ರೈಲ್ವೆ ಸುರಂಗದ ಬಾಯಲ್ಲಿ ಕೆಂಪು ದೀಪ ಹಿಡಿದು ನಿಲ್ಲುವ ಒಬ್ಬಂಟಿ ಕೆಲಸಗಾರನ ಕತೆ ‘ದಿ ಸಿಗ್ನಲ್ ಮ್ಯಾನ್’ 1866ರ ಅಂಥ ಸಂಚಿಕೆಯದು. ಲೋಕಲ್ ಟ್ರೈನಿನಲ್ಲಿ ದಿನಾ ಓಡಾಡುವವರು ಅದನ್ನೊಮ್ಮೆ ಓದಿ ನೋಡಿ. ಆದರೆ ಕೊನೆಯ ಗಾಡಿಯಲ್ಲಿ ಒಬ್ಬರೇ ಇದ್ದಾಗ ಬೇಡ.

ಷರ್ಲಾಕ್ ಹೋಮ್ಸ್ ಹುಟ್ಟಿದ್ದು ಕೂಡ ಒಂದು ವಿಶೇಷಾಂಕದಲ್ಲೇ. ಕಾನನ್ ಡಾಯ್ಲ್ ಬರೆದ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ ಕಾದಂಬರಿಯನ್ನು ಒಬ್ಬರಾದ ಮೇಲೆ ಒಬ್ಬ ಪ್ರಕಾಶಕರು ತಿರುಗಿಸಿ ಕಳಿಸಿದರು. ಕೊನೆಗೆ 25 ಪೌಂಡಿಗೆ ಎಲ್ಲ ಹಕ್ಕುಗಳನ್ನೂ ಬರೆದುಕೊಟ್ಟ ಮೇಲೆ ಅದು 1887ರ ‘ಬೀಟನ್ಸ್ ಕ್ರಿಸ್‌ಮಸ್ ಆನ್ಯುಯಲ್’ನಲ್ಲಿ ಬಂತು. ಬೆಲೆ ಒಂದು ಶಿಲಿಂಗ್. ಸಂಚಿಕೆ ಹಬ್ಬದ ಹೊತ್ತಿಗೆ ಪೂರ್ತಿ ಮಾರಾಟವಾಯಿತು. ಇಂದು ಜಗತ್ತಿನಲ್ಲಿ ಅದರ ಕೆಲವೇ ಡಜನ್ ಪ್ರತಿಗಳು ಉಳಿದಿವೆ. ಹರಾಜಿಗೆ ಬಂದರೆ ಸಂಗ್ರಾಹಕರು ದೊಡ್ಡ ಮೊತ್ತ ಕೊಡುತ್ತಾರೆ. ಉಳಿದ ಪ್ರತಿಗಳು ಎಲ್ಲಿ ಹೋದವು? ಇನ್ನೆಲ್ಲಿಗೆ, ಲಂಡನ್ನಿನ ರದ್ದಿಗೆ. ಓದಿದ ಮೇಲೆ ಯಾರೋ ಸಾಮಾನು ಕಟ್ಟಿದರು, ಯಾರೋ ಒಲೆ ಹಚ್ಚಿದರು. ರದ್ದಿಯ ವಿಷಯಕ್ಕೆ ಸ್ವಲ್ಪ ತಡೆದು ಬರುತ್ತೇನೆ. ಅಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ.

ಡಿಸೆಂಬರಿನಲ್ಲಿ ನಾನು ತಪ್ಪದೆ ಓದುವ ಮತ್ತೊಂದು ಕತೆ ಹೋಮ್ಸನ ‘ದಿ ಬ್ಲೂ ಕಾರ್ಬಂಕಲ್’. 1892ರ ಜನವರಿಯ ‘ಸ್ಟ್ರಾಂಡ್’ ಪತ್ರಿಕೆಯಲ್ಲಿ ಬಂದದ್ದು. ಹಬ್ಬದೂಟಕ್ಕೆ ತಂದ ಹೆಬ್ಬಾತಿನ ಹೊಟ್ಟೆಯಲ್ಲಿ ಕಳವಾದ ನೀಲಿ ರತ್ನ ಸಿಗುತ್ತದೆ. ನಾವು ಶುದ್ಧ ಶಾಕಾಹಾರಿಗಳು. ಆದರೂ ಆ ಹಕ್ಕಿ ಯಾವ ಅಂಗಡಿಯದು, ಯಾರು ಸಾಕಿದ್ದು ಎಂದು ಹೋಮ್ಸ್ ಚಳಿಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುವಾಗ ನಾನೂ ಶಾಲು ಹೊದ್ದು ಹಿಂದೆಯೇ ಹೋಗುತ್ತೇನೆ.

ಆಮೇಲೆ ಅಗಾಥಾ ಕ್ರಿಸ್ಟಿ. ಅವರ ಹೊಸ ಪುಸ್ತಕವನ್ನು ಪ್ರಕಾಶಕರು ವರ್ಷದ ಕೊನೆಗೆ, ಕ್ರಿಸ್‌ಮಸ್ ಉಡುಗೊರೆಯೆಂದೇ ಮಾರುತ್ತಿದ್ದರು. 1938ರ ‘ಹರ್ಕ್ಯೂಲ್ ಪಾಯ್ರೋಸ್ ಕ್ರಿಸ್‌ಮಸ್’ ಓದಿ. ಶ್ರೀಮಂತ ಮುದುಕನೊಬ್ಬ ಹಬ್ಬದ ನೆಪದಲ್ಲಿ ಮಕ್ಕಳು ಸೊಸೆಯರನ್ನೆಲ್ಲ ಮನೆಗೆ ಕರೆಸುತ್ತಾನೆ, ಉಯಿಲು ಬದಲಾಯಿಸುವ ಮಾತು ಅವರ ಕಿವಿಗೆ ಬೀಳುವಂತೆ ಮಾಡುತ್ತಾನೆ, ಹಬ್ಬದ ಹಿಂದಿನ ಸಂಜೆ ಒಳಗಿನಿಂದ ಬೀಗ ಹಾಕಿದ ಕೋಣೆಯಲ್ಲಿ ಕೊಲೆಯಾಗುತ್ತಾನೆ. ಹಬ್ಬಕ್ಕೂ ಕೊಲೆಗೂ ಎಲ್ಲಿಯ ಸಂಬಂಧ ಎಂದು ಕೇಳಬೇಡಿ. ವರ್ಷವಿಡೀ ದೂರದೂರ ಇರುವ ಅಣ್ಣತಮ್ಮಂದಿರು ಒಂದೇ ಸೂರಿನಡಿ ಮೂರು ದಿನ ಇರಬೇಕಾದದ್ದು ಹಬ್ಬದಲ್ಲೇ ಅಲ್ಲವೆ? ಊರಿನ ಮನೆಯ ಪಾಲಿನ ಮಾತು ಏಳುವುದು ಹೋಳಿಗೆ ಊಟ ಮುಗಿದ ಮೇಲೆಯೇ. ಕೊಲೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನಮಗೆ ಪರಿಚಿತ.

ಜೆ. ಜೆಫರ್ಸನ್ ಫಾರ್ಜನ್ ಎಂಬಾತ 1937ರಲ್ಲಿ ಬರೆದ ‘ಮಿಸ್ಟರಿ ಇನ್ ವೈಟ್’ ಬಹುಕಾಲ ಮರೆತುಹೋಗಿತ್ತು. 2014ರಲ್ಲಿ ಬ್ರಿಟಿಷ್ ಲೈಬ್ರರಿಯವರು ಹಳೆಯ ಪತ್ತೇದಾರಿ ಕಾದಂಬರಿಗಳ ಮಾಲೆಯಲ್ಲಿ ಅದನ್ನು ಮರುಮುದ್ರಿಸಿದರು. ಯಾರೂ ನಿರೀಕ್ಷಿಸದಷ್ಟು ಮಾರಾಟವಾಯಿತು. ಕ್ರಿಸ್‌ಮಸ್ ಹಿಂದಿನ ದಿನ ಹಿಮದಲ್ಲಿ ರೈಲು ಸಿಕ್ಕಿಬೀಳುತ್ತದೆ. ಕೆಲವರು ಇಳಿದು ನಡೆಯುತ್ತಾರೆ. ಒಂದು ಮನೆ ಸಿಗುತ್ತದೆ. ಒಲೆ ಉರಿಯುತ್ತಿದೆ, ಮೇಜಿನ ಮೇಲೆ ಚಹಾಕ್ಕೆ ಎಲ್ಲ ಸಿದ್ಧವಾಗಿದೆ, ಮನೆಯಲ್ಲಿ ಮಾತ್ರ ಯಾರೂ ಇಲ್ಲ. ಓದುವಾಗ ನನಗೆ 2005ರ ಜುಲೈ 26 ನೆನಪಾಯಿತು. ಅಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದು ಲೋಕಲ್‌ಗಳೆಲ್ಲ ನಿಂತವು. ನಮ್ಮವರು ಗುರುತು ಪರಿಚಯವಿಲ್ಲದ ಒಂದು ಮನೆಯಲ್ಲಿ ರಾತ್ರಿ ಕಳೆದು ಮರುದಿನ ನಡೆದು ಬಂದರು. ಆ ಮನೆಯವರು ಕೊಟ್ಟ ಚಹಾದ ರುಚಿಯನ್ನು ಇಂದಿಗೂ ಹೊಗಳುತ್ತಾರೆ. ನಾನು ಮಾಡಿದ ಚಹಾಕ್ಕೆ ಅಂಥ ಹೊಗಳಿಕೆ ಬಂದದ್ದಿಲ್ಲ.

ಈಗ ನನ್ನ ತಪ್ಪಿನ ಕತೆ.

ನನ್ನ ಅತ್ತೆ 1962ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದವರು. ಎಸ್.ಎಸ್.ಎಲ್.ಸಿ. ಪಾಸಾಗಿತ್ತು. ಹುಡುಗಿಯಾಗಿದ್ದಾಗ ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ನನ್ನು ಗಣಿತದ ಪುಸ್ತಕದೊಳಗೆ ಇಟ್ಟುಕೊಂಡು ಓದಿ ಬೈಸಿಕೊಂಡಿದ್ದರಂತೆ. ಮುಂಬಯಿಯಲ್ಲಿ ಅವರ ಒಂದೇ ಖರ್ಚು ಕನ್ನಡದ ವಾರಪತ್ರಿಕೆ. ಅದರಲ್ಲಿ ಬರುವ ಧಾರಾವಾಹಿಯ ಪುಟಗಳನ್ನು ಪ್ರತಿ ವಾರ ಬ್ಲೇಡಿನಿಂದ ಬಿಡಿಸಿ, ಜೋಡಿಸಿ, ಕಾದಂಬರಿ ಮುಗಿದ ಮೇಲೆ ಗೋಣಿ ದಬ್ಬಳದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯ ಹೊದಿಕೆ ಹಾಕಿ ಇಡುತ್ತಿದ್ದರು. ಆ ಕಾಲದ ಎಷ್ಟೋ ಮನೆಗಳಲ್ಲಿ ಹೀಗೆ ಹೊಲಿದ ಕಾದಂಬರಿಗಳಿದ್ದವು. ನಿಮ್ಮ ಅಜ್ಜಿಯನ್ನು ಕೇಳಿ ನೋಡಿ. ಅತ್ತೆಯ ಸ್ಟೀಲ್ ಟ್ರಂಕಿನ ತುಂಬ ಇಂಥವೇ. ಜೊತೆಗೆ ವರ್ಷ ವರ್ಷದ ವಿಶೇಷಾಂಕಗಳು.

2004ರಲ್ಲಿ ನಾವು ಮಾಟುಂಗದ ಬಾಡಿಗೆ ಮನೆ ಬಿಟ್ಟು ಡೊಂಬಿವಲಿಯ ಸ್ವಂತ ಫ್ಲ್ಯಾಟಿಗೆ ಹೊರಟೆವು. ಸಾಮಾನು ಕಟ್ಟುವ ಗಡಿಬಿಡಿ. ಅತ್ತೆ ನಾದಿನಿಯ ಮನೆಗೆ ಹೋಗಿದ್ದರು. ಟ್ರಂಕು ತೆರೆದೆ. ಹಳದಿಯಾದ ಹಾಳೆ, ಧೂಳು, ಬೆಳ್ಳಿಮೀನಿನಂಥ ಹುಳ. ಹೊಸ ಮನೆಗೆ ಹುಳ ಬೇಡ ಎಂದು ಎಲ್ಲವನ್ನೂ ರದ್ದಿವಾಲಾನ ತಕ್ಕಡಿಗೆ ಹಾಕಿದೆ. ಇಂಗ್ಲಿಷ್ ಪುಸ್ತಕಗಳನ್ನು ಮಾತ್ರ ಜೋಪಾನವಾಗಿ ಪೆಟ್ಟಿಗೆಗೆ ತುಂಬಿದೆ. ಡಿಕನ್ಸ್ ಸಾಹಿತ್ಯ, ವಾರಪತ್ರಿಕೆಯ ಕತೆ ಕಾಲಹರಣ ಎಂಬ ಭಾವನೆ ನನ್ನಲ್ಲಿತ್ತು ಎಂದು ಈಗ ಒಪ್ಪಿಕೊಳ್ಳಲೇಬೇಕು. ಡಿಕನ್ಸನೂ ಕಂತು ಕಂತಾಗಿಯೇ ಬರೆದವನೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಅದು ತಲೆಗೆ ಹೋಗಿತ್ತು, ಟ್ರಂಕಿನ ಹತ್ತಿರ ಬರಲಿಲ್ಲ.

ಹೊಸ ಮನೆಗೆ ಬಂದ ಎರಡು ವಾರಕ್ಕೆ ಅತ್ತೆ ಟ್ರಂಕು ತೆರೆದರು. ಅದರಲ್ಲಿ ನಾನು ಚಳಿಗಾಲದ ರಗ್ಗುಗಳನ್ನು ಇಟ್ಟಿದ್ದೆ. ಇದ್ದದ್ದು ಹೇಳಿದೆ. ಅವರು ಬಯ್ಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ತೂಕ ಎಷ್ಟು ಬಂತು?” ಎಂದು ಕೇಳಿದರು.

“ಹದಿನೇಳು ಕಿಲೋ, ಅತ್ತೆ.”

“ಹ್ಞೂಂ” ಎಂದು ಒಳಗೆ ಹೋದರು. ಆ ವಿಷಯ ಅವರು ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಕೆಲವು ವರ್ಷಗಳಲ್ಲಿ ಅವರ ಕಣ್ಣಿನ ನಡುಭಾಗ ಮಂಜಾಗುತ್ತಾ ಬಂತು. ಮನುಷ್ಯರ ಆಕಾರ ಕಾಣುತ್ತದೆ, ಅಕ್ಷರ ಕಾಣದು. 2010ರ ದೀಪಾವಳಿ ರಜೆ. ಹದಿನಾರು ವರ್ಷದ ನನ್ನ ಮಗಳು ಸೋಫಾದ ಮೇಲೆ ಕ್ರಿಸ್ಟಿಯ ಕಾದಂಬರಿ ಹಿಡಿದು ಕುಳಿತಿದ್ದಳು. “ಏನು ಪುಟ್ಟಿ ಓದ್ತಾ ಇದ್ದೀ? ನಂಗೂ ಹೇಳು” ಎಂದರು ಅಜ್ಜಿ. ಮಗಳು ತನ್ನ ಮುಂಬಯಿ ಕನ್ನಡದಲ್ಲಿ, ಅರ್ಧ ಹಿಂದಿ ಬೆರೆಸಿ, ದಿನಾ ಸಂಜೆ ಕತೆ ಹೇಳತೊಡಗಿದಳು. ಕೊಲೆಗಾರ ಯಾರೆಂದು ಅತ್ತೆ ಮೂರನೆಯ ಸಂಜೆಯೇ ಹೇಳಿಬಿಟ್ಟರು. ನರಸಿಂಹಯ್ಯನವರ ತರಬೇತಿ ಸಾಮಾನ್ಯವಲ್ಲ!

ಅದಾದ ಮೇಲೆ ಅಜ್ಜಿಯ ಸರದಿ. ಅವರು ಒಂದು ಧಾರಾವಾಹಿಯ ಕತೆ ಹೇಳಿದರು. ಹೇಳುತ್ತಾ ಹೇಳುತ್ತಾ ನಿಲ್ಲಿಸಿದರು. “ಮುಂದೆ?” ಎಂದಳು ಮಗಳು. “ಮುಂದೆ ಗೊತ್ತಿಲ್ಲ. 1978ರ ಮಳೆಗಾಲದಲ್ಲಿ ಕೊನೇ ಕಂತಿನ ಸಂಚಿಕೆ ಮುಂಬಯಿಗೆ ಬರ್ಲೇ ಇಲ್ಲ. ಹಾಗೇ ಹೊಲಿದಿಟ್ಟೆ.” ಮೂವತ್ತೆರಡು ವರ್ಷ ಒಬ್ಬ ಹೆಂಗಸು ಒಂದು ಕತೆಯ ಕೊನೆಗಾಗಿ ಕಾದಿದ್ದರು, ನಾನು ಅದನ್ನು ತೂಕಕ್ಕೆ ಹಾಕಿದ್ದೆ.

ಕಾದಂಬರಿಯ ಹೆಸರು ಮಾತ್ರ ನಾನಿಲ್ಲಿ ಬರೆಯುವುದಿಲ್ಲ. ಏಕೆಂದರೆ ಅದರ ಕೊನೆಯನ್ನು ಹೇಳುವವಳಿದ್ದೇನೆ. ಓದುಗರಿಗೆ ಅಂಥ ದ್ರೋಹ ಮಾಡಬಾರದು.

ಮರುದಿನವೇ ಸಂಘದ ಗ್ರಂಥಾಲಯಕ್ಕೆ ಹೋದೆ. ಕಪಾಟುಗಳ ಕೀಲಿ ಇಟ್ಟುಕೊಂಡಿದ್ದ ಹಿರಿಯರು ಹತ್ತು ನಿಮಿಷದಲ್ಲಿ ಪುಸ್ತಕ ತೆಗೆದುಕೊಟ್ಟರು. ಹತ್ತು ನಿಮಿಷ! ಅಷ್ಟು ವರ್ಷ ಯಾರೂ ಅತ್ತೆಯನ್ನು ಅಲ್ಲಿಗೆ ಕರೆದೊಯ್ದಿರಲಿಲ್ಲ, ಅವರೂ ಕೇಳಿರಲಿಲ್ಲ. ನಾನು ಓದಿ ಹೇಳುತ್ತೇನೆಂದು ಕುಳಿತೆ. ಮಗಳು ಪುಸ್ತಕ ಕಸಿದುಕೊಂಡಳು. “ನಾನೇ ಓದ್ತೀನಿ ಅಮ್ಮ, ಅಜ್ಜಿ ನಂಗೆ ಹೇಳಿದ್ ಕತೆ.”

ಅವಳಿಗೆ ಕನ್ನಡ ಅಕ್ಷರ ಸಂಘದ ಭಾನುವಾರದ ತರಗತಿಯಲ್ಲಿ ಕಲಿತಷ್ಟು ಮಾತ್ರ. ಒತ್ತಕ್ಷರ ಬಂದರೆ ಬಂಡೆ ಅಡ್ಡ ಬಂದಂತೆ. ಮರಾಠಿ ಓದಿದವಳಾದ್ದರಿಂದ ಎ ಮತ್ತು ಏ, ಒ ಮತ್ತು ಓ ಎಲ್ಲ ಒಂದೇ. ನಾಯಕಿ ತವರಿನಿಂದ ಬಂದ ಓಲೆಯನ್ನು ಎದೆಗವಚಿಕೊಂಡು ಅಳುವ ಸನ್ನಿವೇಶ. ನನ್ನ ಮಗಳು ಗಂಭೀರವಾಗಿ ಓದಿದಳು: ಒಲೆಯನ್ನು ಎದೆಗವಚಿಕೊಂಡು ಅತ್ತಳು. ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಒಂದ್ ಲೆಕ್ಕಕ್ಕೆ ಸರಿಯೇ ಪುಟ್ಟಿ, ಒಲೆ ಕಟ್ಟಿಕೊಂಡೇ ಅಳೋದು ನಾವೆಲ್ಲ” ಎಂದರು.

ಕೊನೆಯ ಅಧ್ಯಾಯ ಹದಿನಾಲ್ಕು ಪುಟ. ನಾಲ್ಕು ಸಂಜೆ ಹಿಡಿಯಿತು. ಗಂಡನ ಮನೆ ಬಿಟ್ಟು ಬಂದಿದ್ದ ನಾಯಕಿ, ಗಂಡ ಬಂದು ಕರೆದಾಗ ಹಣೆಗೆ ಕುಂಕುಮವಿಟ್ಟುಕೊಂಡು ಅವನ ಹಿಂದೆ ಹೊರಡುತ್ತಾಳೆ. ಮುಗಿಯಿತು. ಮಗಳು ಪುಸ್ತಕ ಮುಚ್ಚಿ ಅಜ್ಜಿಯ ಮುಖ ನೋಡಿದಳು.

“ಇಷ್ಟೇನಾ?” ಎಂದರು ಅತ್ತೆ. “ಇದಕ್ಕಿಂತ ನಾನು ಮಾಡ್ಕೊಂಡ ಕೊನೇನೇ ಚಂದ ಇತ್ತು.”

ಅವರ ಕೊನೆಯಲ್ಲಿ ನಾಯಕಿ ಗಂಡನಿಗೆ ಊಟ ಬಡಿಸುತ್ತಾಳೆ, ಒಳ್ಳೆಯ ಮಾತಿನಲ್ಲೇ ಕಳಿಸಿಕೊಡುತ್ತಾಳೆ, ಮರುದಿನ ಬೆಳಗಿನ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ಟೀಚರ್ ಟ್ರೈನಿಂಗಿಗೆ ಸೇರುತ್ತಾಳೆ. ಬಸ್ಸಿನ ಹೊತ್ತು, ಟಿಕೆಟ್ಟಿನ ದುಡ್ಡು, ಟ್ರಂಕಿನಲ್ಲಿ ಎಷ್ಟು ಸೀರೆ, ಹಾಸ್ಟೆಲಿನ ಕೋಣೆಯ ಕಿಟಕಿ ಯಾವ ದಿಕ್ಕಿಗೆ, ಎಲ್ಲವನ್ನೂ ಹೇಳಿದರು. ಎಸ್.ಎಸ್.ಎಲ್.ಸಿ. ಆದ ವರ್ಷ ಅವರಿಗೆ ಆ ಟ್ರೈನಿಂಗಿಗೆ ಸೀಟು ಸಿಕ್ಕಿತ್ತಂತೆ. ಅದೇ ವರ್ಷ ಮುಂಬಯಿಯ ಸಂಬಂಧ ಬಂತು. ಹದಿನೆಂಟು ವರ್ಷ ಒಂದೇ ಅಡುಗೆಮನೆಯಲ್ಲಿ ಅವರ ಜೊತೆ ಕೆಲಸ ಮಾಡಿದ ನನಗೆ ಇದು ಗೊತ್ತಿರಲಿಲ್ಲ. ನಾನು ಕೇಳಿರಲೂ ಇಲ್ಲ. ಒಂದು ಹಳೆಯ ಕತೆ ನಡುವೆ ಬರದಿದ್ದರೆ ಅವರು ಹೇಳುತ್ತಲೂ ಇರಲಿಲ್ಲ.

ಅತ್ತೆ 2013ರಲ್ಲಿ ತೀರಿಕೊಂಡರು. ಅಲ್ಲಿಯವರೆಗೆ ಮೂರು ವರ್ಷ ಅವರಿಗೆ ಮೊಮ್ಮಗಳು ಓದಿ ಹೇಳಿದಳು. ಕೊನೆಕೊನೆಗೆ ಒಲೆ ಓಲೆಗಳು ತಮ್ಮ ತಮ್ಮ ಜಾಗಕ್ಕೆ ಬಂದಿದ್ದವು.

ಇನ್ನು ನಿಮ್ಮ ವಿಷಯ. “ನಮಗೆ ಕನ್ನಡ ಮಾತಾಡೋಕೆ ಬರತ್ತೆ, ಓದೋಕೆ ಬರಲ್ಲ” ಎಂದು ನಿಮ್ಮಲ್ಲಿ ಅನೇಕರು ಹೇಳುತ್ತೀರಿ. ಆದರೆ ಹಿಂದಿ ಅಥವಾ ಮರಾಠಿ ಓದಬಲ್ಲವರು ಅರ್ಧ ದಾರಿ ಆಗಲೇ ಬಂದಿದ್ದೀರಿ. ಕ ಖ ಗ ಘ ಅದೇ ಸಾಲು, ಅದೇ ಕ್ರಮ. ಆಕಾರ ಮಾತ್ರ ಬೇರೆ. ಹೊಸದಾಗಿ ಕಲಿಯಬೇಕಾದದ್ದು ಹ್ರಸ್ವ ಎ, ಹ್ರಸ್ವ ಒ, ಮತ್ತು ಒತ್ತಕ್ಷರ. ದಿನಕ್ಕೆ ಒಂದು ಪುಟ, ಗಟ್ಟಿಯಾಗಿ ಓದಿ. ಕಣ್ಣಿಗೆ ತಿಳಿಯದ ಶಬ್ದ ಕಿವಿಗೆ ತಿಳಿಯುತ್ತದೆ, ಏಕೆಂದರೆ ಮನೆಯಲ್ಲಿ ಅದನ್ನು ನೂರು ಸಲ ಕೇಳಿರುತ್ತೀರಿ.

ಯಾವುದರಿಂದ ಆರಂಭಿಸಬೇಕು? ನನ್ನ ಮಟ್ಟಿಗೆ ತ್ರಿವೇಣಿಯವರಿಂದ. ಅವರ ಭಾಷೆ ಸರಳ, ಮಾತು ಮನೆಯದು. ಮನಶ್ಶಾಸ್ತ್ರ ಓದಿದ್ದ ಆಕೆ 1963ರಲ್ಲಿ, ಇನ್ನೂ ಮೂವತ್ತೈದರ ಆಸುಪಾಸಿನಲ್ಲೇ ತೀರಿಕೊಂಡರು. ‘ಶರಪಂಜರ’ದಲ್ಲಿ ಮನಸ್ಸಿನ ಕಾಯಿಲೆ ಗುಣವಾಗಿ ಮನೆಗೆ ಮರಳಿದ ಹೆಣ್ಣನ್ನು ಸುತ್ತಲಿನವರು ಹೇಗೆ ನೋಡುತ್ತಾರೆ ಎಂದು ಬರೆದಿದ್ದಾರೆ. ಅಂಥ ಮಾತನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದಿದ್ದ ಕಾಲದ ಬರಹ ಅದು. ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ನಮ್ಮ ದೇಶದಲ್ಲಿ ಕೃತಿಗಳ ಹಕ್ಕುಸ್ವಾಮ್ಯ ಮುಗಿಯುತ್ತದೆ. ಆ ಲೆಕ್ಕದಲ್ಲಿ 2024ರ ಆರಂಭದಿಂದ ಅವರ ಪುಸ್ತಕಗಳು ಎಲ್ಲರ ಸ್ವತ್ತು. ಆಮೇಲೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’, 1976ರದ್ದು. ಬಾಲವಿಧವೆಯೊಬ್ಬಳ ನಿಜ ಜೀವನವನ್ನು ಆಧರಿಸಿದ ಚಿಕ್ಕ ಪುಸ್ತಕ. ಮುಂಬಯಿಯ ಹುಡುಗರಿಗೆ ಯಶವಂತ ಚಿತ್ತಾಲರ ‘ಶಿಕಾರಿ’, 1979ರದ್ದು. ಇದೇ ಊರಿನ ಆಫೀಸು, ಇದೇ ಊರಿನ ಭಯ. ಸ್ವಲ್ಪ ಕಷ್ಟದ ಪುಸ್ತಕ, ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಅಕ್ಷರ ಬರುವವರೆಗೆ ಕಾಯಲಾರೆವು ಎನ್ನುವವರಿಗೆ ಅನುವಾದಗಳಿವೆ. ‘ಫಣಿಯಮ್ಮ’ನನ್ನು ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದಿದ್ದಾರೆ. ‘ಮಲೆಗಳಲ್ಲಿ ಮದುಮಗಳು’ವಿನ ವನಮಾಲಾ ವಿಶ್ವನಾಥ ಅವರ ಅನುವಾದ 2024ರಲ್ಲಿ ಬಂತು. ಗುಲ್ವಾಡಿ ವೆಂಕಟರಾಯರು 1899ರಲ್ಲಿ ಬರೆದ ‘ಇಂದಿರಾಬಾಯಿ’, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನ್ನಲಾಗುವ ಕೃತಿ, ಅದೂ ಇಂಗ್ಲಿಷಿನಲ್ಲಿ ಸಿಗುತ್ತದೆ. ಅನುವಾದ ಓದಿದರೆ ಪಾಪವೇನಿಲ್ಲ. ನಾನು ಫೆಲುದಾನನ್ನು ಓದಿದ್ದೂ ಹಾಗೆಯೇ.

ಒಂದು ಮಾತು ಎಚ್ಚರಿಕೆಗೆ. ಹಳೆಯದೆಲ್ಲ ಚಿನ್ನವಲ್ಲ. ಹಳೆಯ ಕಾದಂಬರಿಗಳಲ್ಲಿ ಹೆಣ್ಣನ್ನು, ಜಾತಿಯನ್ನು, ಮನೆಗೆಲಸದವರನ್ನು ಕುರಿತು ಆಡಿದ ಮಾತುಗಳು ನಿಮಗೆ ಸಿಟ್ಟು ಬರಿಸುತ್ತವೆ. ಕ್ರಿಸ್ಟಿಯಲ್ಲೂ ಹೊರದೇಶದವರ ಬಗ್ಗೆ ಅಂಥ ಮಾತುಗಳಿವೆ. ಸಿಟ್ಟು ಬರಲಿ, ಆದರೂ ಓದಿ. ನಮ್ಮ ಅಜ್ಜಿಯರು ಯಾವ ಮಾತುಗಳ ನಡುವೆ ಬದುಕಿದರು ಎಂಬುದು ತಿಳಿಯಲು ಬೇರೆ ದಾರಿ ಕಡಿಮೆ. ಸಿಟ್ಟು ಬಂದಾಗ ನನ್ನ ಅತ್ತೆಯಂತೆ ನಿಮ್ಮದೇ ಒಂದು ಕೊನೆ ಮಾಡಿಕೊಳ್ಳಿ.

ಆ ಹುಡುಗನ ಪ್ರಶ್ನೆಗೆ ನನ್ನ ಉತ್ತರ ಇಷ್ಟೆ. ಹೊಸ ಪುಸ್ತಕ ಖಂಡಿತ ಓದು ಮಗು. ಆದರೆ ವರ್ಷಕ್ಕೊಮ್ಮೆ, ಹಬ್ಬದ ಹೊತ್ತಿಗೆ, ನಿನ್ನ ಮನೆಯ ಹಿರಿಯರು ಓದಿದ್ದ ಒಂದು ಹಳೆಯ ಪುಸ್ತಕವನ್ನು ಅವರನ್ನೇ ಕೇಳಿ ತೆಗೆದುಕೊಂಡು ಓದು. ಓದಿ ಅವರ ಜೊತೆ ಮಾತಾಡು. “ಅಜ್ಜಿ, ನೀವು ಕೊನೆ ಓದದೇ ಬಿಟ್ಟ ಕತೆ ಯಾವುದಾದರೂ ಇದೆಯಾ?” ಎಂದು ಕೇಳು.

ಹಬ್ಬಕ್ಕೆ ಮನೆ ತೊಳೆಯುವ ದಿನಗಳು ಇವು. ಅಟ್ಟದ ಮೇಲಿನ ಗಂಟು ಕೆಳಗಿಳಿದಾಗ ರದ್ದಿವಾಲಾನನ್ನು ಕರೆಯುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಬೇಡವೆಂದರೆ ನಮ್ಮ ಗ್ರಂಥಾಲಯದ ಕಪಾಟಿಗೆ ತಂದುಕೊಡಿ. ಹುಳ ಹಿಡಿದಿದ್ದರೆ ಎರಡು ದಿನ ಗಾಳಿಗಿಟ್ಟು, ಒಣಗಿದ ಬೇವಿನೆಲೆ ಹಾಕಿ ತನ್ನಿ, ನಾನು ಬೈಯುವುದಿಲ್ಲ. ಹೊಲಿದ ಧಾರಾವಾಹಿ ಯಾರ ಮನೆಯಲ್ಲಾದರೂ ಸಿಕ್ಕಿದರೆ ನನಗೊಮ್ಮೆ ತೋರಿಸಿ. ಹೊದಿಕೆಗೆ ಯಾವ ವರ್ಷದ ಕ್ಯಾಲೆಂಡರು ಹಾಕಿದ್ದಾರೆಂದು ನೋಡಬೇಕು.